ಸದರ್ನ್ ರಾಕ್, ಕಂಟ್ರಿ ರಾಕ್: ಗಡಿ ಹಾಕಿದ್ದು ಸಂಗೀತವೋ, ಟೂರ್ ಬುಕ್ಕಿಂಗೋ?

ಕೊಪ್ಪದ ಕೇಳುಗ

ಹೆಸರು ಹೇಳದೆ ಮಾರ್ಷಲ್ ಟಕರ್ ಬ್ಯಾಂಡಿನ 1973ರ ಮೊದಲ ಆಲ್ಬಮ್ ಹಾಕಿದರೆ ಅದನ್ನು ಸದರ್ನ್ ರಾಕ್ (ಅಮೆರಿಕದ ದಕ್ಷಿಣ ರಾಜ್ಯಗಳ, ಬ್ಲೂಸ್ ಬೇರಿನ ರಾಕ್) ಅನ್ನುವವರು ನಮ್ಮಲ್ಲಿ ಎಷ್ಟು ಮಂದಿ? ಜೆರಿ ಯೂಬ್ಯಾಂಕ್ಸ್ ಫ್ಲೂಟ್ ಊದುತ್ತಾನೆ. ಟಾಯ್ ಕಾಲ್ಡ್‌ವೆಲ್ ಪಿಕ್ ಮುಟ್ಟದೆ ಹೆಬ್ಬೆರಳಲ್ಲೇ ಗಿಟಾರ್ ಮೀಟುತ್ತಾನೆ, ನಡುನಡುವೆ ಸ್ಟೀಲ್ ಗಿಟಾರಿಗೂ ಕೈ ಹಾಕುತ್ತಾನೆ. ಸಾಹಿತ್ಯದಲ್ಲಿ ರೈಲು, ಬೆಟ್ಟ, ಹೆಣ್ಣಿನ ಕಾಟ ತಾಳಲಾರದೆ ಊರು ಬಿಡುವ ಗಂಡಸು. ನನ್ನ ಕಿವಿಗೆ ಇದು ಅಪ್ಪಟ ಕಂಟ್ರಿ ರಾಕ್, ಅಂದರೆ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ರಾಕ್ ಬೆರೆಸಿದ್ದು. ಆದರೂ ಎಲ್ಲ ಪಟ್ಟಿಗಳಲ್ಲೂ ಅವರ ಜಾಗ ಸದರ್ನ್ ರಾಕ್‌ನ ದೊಡ್ಡ ತಂಡ ಆಲ್ಮನ್ ಬ್ರದರ್ಸ್ ಪಕ್ಕದಲ್ಲೇ.

ಕಾರಣ ಸಂಗೀತ ಅಲ್ಲ, ಟೂರ್ ಅಂತ ನನ್ನ ವಾದ. ಸೌತ್ ಕ್ಯಾರೊಲೈನಾದ ಸ್ಪಾರ್ಟನ್‌ಬರ್ಗ್‌ನ ಈ ಹುಡುಗರು ಜಾರ್ಜಿಯಾದ ಮೇಕನ್ ಊರಿನ ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಸೇರಿ, ಆಲ್ಮನ್ ಬ್ರದರ್ಸ್‌ಗೆ ಓಪನಿಂಗ್ ತಂಡವಾಗಿ ದೇಶ ಸುತ್ತಿದರು. ಅದೇ ವರ್ಷ ಲಾಸ್ ಏಂಜಲೀಸಿನ ಯಾವುದಾದರೂ ಕಂಪನಿ ಅವರನ್ನು ಹಿಡಿದು ಕಂಟ್ರಿ ರಾಕ್ ತಂಡ ಪೋಕೋ ಜೊತೆ ಕಳಿಸಿದ್ದರೆ ಇವತ್ತು ಅವರನ್ನು ಬೇರೆ ಕಪಾಟಿನಲ್ಲಿ ಹುಡುಕುತ್ತಿದ್ದೆವು.

ಉಲ್ಟಾ ಉದಾಹರಣೆಯೂ ಇದೆ. ಗಾಯಕ ಗ್ರಾಮ್ ಪಾರ್ಸನ್ಸ್ ಹುಟ್ಟಿದ್ದು ಫ್ಲೋರಿಡಾದಲ್ಲಿ, ಬೆಳೆದದ್ದು ಜಾರ್ಜಿಯಾದ ವೇಕ್ರಾಸ್‌ನಲ್ಲಿ, ಶಾಲೆಗೆ ಹೋದದ್ದು ಜಾಕ್ಸನ್‌ವಿಲ್‌ನಲ್ಲಿ. ಆಲ್ಮನ್ ಬ್ರದರ್ಸ್ ಬ್ಯಾಂಡ್ 1969ರಲ್ಲಿ ಹುಟ್ಟಿದ್ದು ಅದೇ ಜಾಕ್ಸನ್‌ವಿಲ್‌ನಲ್ಲಿ, ಇನ್ನೊಂದು ಸದರ್ನ್ ರಾಕ್ ತಂಡ ಲಿನರ್ಡ್ ಸ್ಕಿನರ್ಡ್ ಊರೂ ಅದೇ. ಇವರೆಲ್ಲರಿಗಿಂತ ಪಾರ್ಸನ್ಸ್ ಏನು ಕಡಿಮೆ ದಕ್ಷಿಣದವನು? ಆದರೆ ಅವನು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರ್ಡ್ಸ್ ತಂಡ ಸೇರಿದ, ಆಮೇಲೆ ಫ್ಲೈಯಿಂಗ್ ಬರಿಟೋ ಬ್ರದರ್ಸ್ ಕಟ್ಟಿದ. ಹಾಗಾಗಿ ಕಂಟ್ರಿ ರಾಕ್. ಕ್ಯಾಲಿಫೋರ್ನಿಯಾದ ಕಂಟ್ರಿ ರಾಕ್ ತಂಡ ಈಗಲ್ಸ್‌ನ ಡಾನ್ ಫೆಲ್ಡರ್ ಫ್ಲೋರಿಡಾದ ಗೇನ್ಸ್‌ವಿಲ್‌ನವನು, ಬರ್ನಿ ಲೆಡನ್ ಕೂಡ ಹರೆಯದಲ್ಲಿ ಅಲ್ಲಿದ್ದವನು. ಅವರನ್ನು ಯಾರೂ ಸದರ್ನ್ ರಾಕರ್ಸ್ ಅನ್ನುವುದಿಲ್ಲ.

ಒಪ್ಪದವರು ಬನ್ನಿ.

ಧಾರವಾಡದ ಡ್ರಮ್ಮರ್

ವಾದ ಚಲೋ ಐತ್ರಿ, ಆದ್ರ ಡ್ರಮ್ಸ್ ಕಡೆ ಕಿವಿನ ಕೊಟ್ಟಿಲ್ಲ ನೀವು. ಆಲ್ಮನ್ ಬ್ರದರ್ಸ್‌ನ್ಯಾಗ ಇಬ್ರು ಡ್ರಮ್ಮರ್. ಬುಚ್ ಟ್ರಕ್ಸ್ ನೇರ ಹೊಡ್ಕೊಂತ ಹೋಗಾವ. ಜೈಮೋ ಅಂದ್ರ ಸೋಲ್ ಗಾಯಕ ಓಟಿಸ್ ರೆಡಿಂಗ್ ಕಡೆ ನುಡಿಸಿ ಬಂದಾವ, ತಲಿ ತುಂಬ ಜಾಝ್. ಇಬ್ರೂ ಒಂದ ಬೀಟ್ ಹೊಡಿಯಂಗಿಲ್ಲ, ಒಬ್ಬ ಹಿಡದ್ರ ಇನ್ನೊಬ್ಬ ಬಿಡ್ತಾನ. 1971ರ ಮಾರ್ಚ್‌ನ್ಯಾಗ ಫಿಲ್ಮೋರ್ ಈಸ್ಟ್‌ನ್ಯಾಗ ಮಾಡಿದ ರೆಕಾರ್ಡಿಂಗ್ ತಗೀರಿ. "ವಿಪ್ಪಿಂಗ್ ಪೋಸ್ಟ್" ಸುರುವಾಗೂದ ಹನ್ನೊಂದು ಬೀಟಿನ ಲೆಕ್ಕದ ಮ್ಯಾಲೆ, ಮುಗಿಯೂದು 23 ನಿಮಿಷಕ್ಕ. ಪೋಕೋ, ಈಗಲ್ಸ್ ಹಾಡು ಮೂರ್ನಾಕು ನಿಮಿಷಕ್ಕ ಮುಗಿದು ಚಪ್ಪಾಳಿ ಬಿದ್ದಿರ್ತಾವು.

ಬೇರು ಬ್ಯಾರೆ. ಸದರ್ನ್ ರಾಕ್ ಬ್ಲೂಸ್‌ನಿಂದ ಬಂದದ್ದು, ಕಂಟ್ರಿ ರಾಕ್ ಬ್ಲೂಗ್ರಾಸ್ (ಬ್ಯಾಂಜೊ, ಫಿಡಲ್‌ನ ಹಳ್ಳಿ ಸಂಗೀತ) ಮತ್ತ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಕಂಟ್ರಿಯಿಂದ ಬಂದದ್ದು. ಪೋಸ್ಟರ್ ಮ್ಯಾಲೆ ಎರಡು ಹೆಸರು ಒಟ್ಟಿಗೆ ಬರದ್ರ ಬೇರು ಕೂಡಂಗಿಲ್ಲ.

ಕೊಪ್ಪದ ಕೇಳುಗ

ಹಾಗಾದರೆ ಸ್ಕಿನರ್ಡ್ ಎಲ್ಲಿಗೆ ಹೋಗಬೇಕು ಡ್ರಮ್ಮರ್ ಸರ್? ಒಬ್ಬನೇ ಡ್ರಮ್ಮರ್. ಮೂರು ಗಿಟಾರ್ ಇದ್ದರೂ ಅವರು ವೇದಿಕೆಯ ಮೇಲೆ ಹುಡುಕುತ್ತಾ ಹೋಗುವವರಲ್ಲ, ಸೋಲೋಗಳನ್ನು ಮೊದಲೇ ಕಟ್ಟಿ, ತಾಲೀಮು ಮಾಡಿ, ಸ್ವರಕ್ಕೆ ಸ್ವರ ಹಾಗೇ ನುಡಿಸುವವರು. ನಿಮ್ಮ ಅಳತೆಯಲ್ಲಿ ಅವರೂ ಹೊರಗೆ. ಇನ್ನು "ರ‍್ಯಾಂಬ್ಲಿನ್ ಮ್ಯಾನ್" ವಿಷಯ: 1973ರಲ್ಲಿ ಪಟ್ಟಿಯ ಎರಡನೇ ಸ್ಥಾನಕ್ಕೆ ಹೋದ ಆ ಹಾಡು ಆಲ್ಮನ್ ಬ್ರದರ್ಸ್‌ನ ಅತಿ ದೊಡ್ಡ ಹಿಟ್. ಅದು ತೀರಾ ಕಂಟ್ರಿ ಆಯಿತು ಅಂತ ತಂಡದೊಳಗೇ ಅಳುಕಿತ್ತು. ಅದನ್ನು ಬರೆದು ಹಾಡಿದ ತಂಡದ ಗಿಟಾರಿಸ್ಟ್ ಡಿಕಿ ಬೆಟ್ಸ್ ಮರುವರ್ಷ ಸೋಲೋ ಆಲ್ಬಮ್ ಮಾಡಿದಾಗ ಜೊತೆಗೆ ಕರೆದದ್ದು ವಾಸರ್ ಕ್ಲೆಮೆಂಟ್ಸ್‌ನನ್ನು. ಬ್ಲೂಗ್ರಾಸ್ ಫಿಡಲ್ ವಾದಕ!

ಜಾರ್ಜಿಯಾ ಕನ್ನಡಿಗ

ಅಟ್ಲಾಂಟಾ ಕಡೆ ಇರುವವನು, ಮೇಕನ್ ಇಲ್ಲಿಂದ ಒಂದೂವರೆ ಗಂಟೆಯ ದಾರಿ. ಕೊಪ್ಪದವರ ವಾದಕ್ಕೆ ಬೇಕಾದ ಒಂದು ಕೊಂಡಿ ಬಿಟ್ಟುಹೋಗಿದೆ, ಅದನ್ನು ಹಾಕುತ್ತೇನೆ.

ಮೇಕನ್‌ನ ಫಿಲ್ ವಾಲ್ಡನ್ ಓಟಿಸ್ ರೆಡಿಂಗ್‌ನ ಮ್ಯಾನೇಜರ್ ಆಗಿದ್ದವನು. ಕಪ್ಪು ಸೋಲ್ ಗಾಯಕರನ್ನು ಊರೂರಿಗೆ ಕಳಿಸುವ ವ್ಯವಹಾರ ಅವನಿಗೆ ಕರತಲಾಮಲಕ. 1967ರ ಡಿಸೆಂಬರ್‌ನಲ್ಲಿ ಓಟಿಸ್ ವಿಮಾನ ಅಪಘಾತದಲ್ಲಿ ಸತ್ತ ಮೇಲೆ ವಾಲ್ಡನ್ ರಾಕ್ ಕಡೆ ತಿರುಗಿ, 1969ರಲ್ಲಿ ಕ್ಯಾಪ್ರಿಕಾರ್ನ್ ಶುರು ಮಾಡಿದ. ಲೇಬಲ್ ಕಥೆ ಎಲ್ಲರಿಗೂ ಗೊತ್ತು. ಅಷ್ಟೇ ಮುಖ್ಯವಾದದ್ದು ಅದೇ ಊರಿನ ಪ್ಯಾರಗಾನ್ ಎಂಬ ಬುಕ್ಕಿಂಗ್ ಏಜೆನ್ಸಿ. ಅಲೆಕ್ಸ್ ಹಾಜಸ್ ನಡೆಸುತ್ತಿದ್ದದ್ದು. ಆಲ್ಮನ್ ಬ್ರದರ್ಸ್, ಮಾರ್ಷಲ್ ಟಕರ್, ಚಾರ್ಲಿ ಡೇನಿಯಲ್ಸ್, ಎಲ್ಲರ ಕಾರ್ಯಕ್ರಮ ಅಲ್ಲಿಂದಲೇ ನಿಗದಿಯಾಗುತ್ತಿತ್ತು. ಸ್ಕಿನರ್ಡ್ ರೆಕಾರ್ಡು ಎಂಸಿಎ ಕಂಪನಿಯದ್ದು, ಕ್ಯಾಪ್ರಿಕಾರ್ನ್‌ನದ್ದಲ್ಲ. ಆದರೆ ಅವರ ಬುಕ್ಕಿಂಗೂ ಪ್ಯಾರಗಾನ್‌ನದ್ದೇ.

ಏಜೆನ್ಸಿ ಅಂದರೆ ಏನು ಮಾಡುತ್ತದೆ? ಯಾವುದೋ ಊರಿನ ಪ್ರಮೋಟರ್ ಫೋನ್ ಮಾಡಿ ದೊಡ್ಡ ತಂಡ ಬೇಕು ಅನ್ನುತ್ತಾನೆ. ಏಜೆಂಟ್ ಕೊಡುತ್ತಾನೆ, ಜೊತೆಗೆ ತನ್ನದೇ ಪಟ್ಟಿಯ ಹೊಸ ತಂಡವೊಂದನ್ನು ಮುಂದೆ ಕೂರಿಸುತ್ತಾನೆ. ಪ್ರಮೋಟರ್‌ಗೆ ಸಂಜೆ ತುಂಬುತ್ತದೆ, ಹೊಸಬರಿಗೆ ಸಾವಿರಾರು ಕಿವಿ ಸಿಗುತ್ತದೆ, ಏಜೆಂಟ್‌ಗೆ ಎರಡೂ ಕಡೆ ಕಮಿಷನ್. ಹೀಗೆ ನಾಲ್ಕು ವರ್ಷ ನಡೆದರೆ ಹೊರಗಿನವರಿಗೆ ಅದೊಂದು ಕುಟುಂಬ, ಒಂದು ಶೈಲಿ ಅಂತಲೇ ಕಾಣುವುದು. ಆಲ್ಮನ್ ಬ್ರದರ್ಸ್ ಗಾಯಕ ಗ್ರೆಗ್ ಆಲ್ಮನ್‌ಗೆ ಈ "ಸದರ್ನ್ ರಾಕ್" ಹಣೆಪಟ್ಟಿ ಕಂಡರೆ ಆಗುತ್ತಿರಲಿಲ್ಲ. ರಾಕ್ ಹುಟ್ಟಿದ್ದೇ ದಕ್ಷಿಣದಲ್ಲಿ, ಮತ್ತೆ ಆ ಹೆಸರು ಯಾಕೆ ಅನ್ನುವುದು ಅವನ ತಕರಾರು.

ಕುಟುಂಬ ಅಂದದ್ದು ಬರೀ ಮಾತಿಗಲ್ಲ. ಮೇಕನ್‌ನಲ್ಲಿ ಎಚ್ ಅಂಡ್ ಎಚ್ ಅಂತ ಹೋಟೆಲಿದೆ. ಕಾಸಿಲ್ಲದ ಕಾಲದಲ್ಲಿ ಆಲ್ಮನ್ ಹುಡುಗರಿಗೆ ಊಟ ಹಾಕಿದವರು ಅಲ್ಲಿನ ಲೂಯಿಸ್ ಹಡ್ಸನ್, ಊರೆಲ್ಲ ಮಾಮಾ ಲೂಯಿಸ್ ಅನ್ನುತ್ತಿತ್ತು. ಕಪ್ಪು ಮಹಿಳೆಯೊಬ್ಬರು ತಮ್ಮ ಹೋಟೆಲಿನಲ್ಲಿ ಉದ್ದ ಕೂದಲ ಬಿಳಿ ಹುಡುಗರಿಗೆ, ಅವರ ಜೊತೆಗಿದ್ದ ಕಪ್ಪು ಡ್ರಮ್ಮರ್ ಜೈಮೋಗೆ ಒಂದೇ ಮೇಜಿನಲ್ಲಿ ಬಡಿಸಿದ್ದು ಅವತ್ತಿನ ಜಾರ್ಜಿಯಾದಲ್ಲಿ ಸಣ್ಣ ಸಂಗತಿಯಲ್ಲ. ತಂಡ ಆಮೇಲೆ ಅವರನ್ನು ಟೂರಿಗೂ ಕರೆದುಕೊಂಡು ಹೋಯಿತು.

ಮಿಕ್ಸರ್ ಹಿಂದಿನವ

ಕುಟುಂಬ, ಕಮಿಷನ್ ಎಲ್ಲ ಸರಿ. ಒಂದೇ ವೇದಿಕೆಯ ಮೇಲೆ ಈ ಎರಡು ಬಗೆಯ ತಂಡ ಹತ್ತಿಸಿದರೆ ಸೌಂಡ್ ಮಾಡುವವನ ಪಾಡೇನು ಅಂತ ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ.

ಕಂಟ್ರಿ ರಾಕ್ ನಿಂತಿರುವುದು ಮೂರು ನಾಲ್ಕು ಕಂಠ ಒಟ್ಟಿಗೆ ಸೇರುವುದರ ಮೇಲೆ. ಹಾಡುವವರಿಗೆ ಪಕ್ಕದವನ ಧ್ವನಿ ಕೇಳದಿದ್ದರೆ ಹಾರ್ಮನಿ ಸತ್ತುಹೋಯಿತು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಹಾಡುವವರಿಗೆ ಧ್ವನಿ ತಿರುಗಿ ಕೇಳಿಸುವ ವೇದಿಕೆ ಮಾನಿಟರ್ ಸ್ಪೀಕರ್‌ಗಳ ಮಟ್ಟ ಅಷ್ಟಕ್ಕಷ್ಟೇ. ಅಕೌಸ್ಟಿಕ್ ಗಿಟಾರ್, ಫಿಡಲ್, ಡೋಬ್ರೋ (ಲೋಹದ ತಟ್ಟೆಯ ಗಿಟಾರ್) ಇವಕ್ಕೆಲ್ಲ ಎದುರಿಗೆ ಮೈಕ್ ಇಡಬೇಕು. ಮೈಕ್ ತೆರೆದಷ್ಟೂ ಹಿಂದಿನ ಡ್ರಮ್ಸ್ ಒಳಗೆ ನುಗ್ಗುತ್ತದೆ, ಸ್ವಲ್ಪ ಏರಿಸಿದರೆ ಫೀಡ್‌ಬ್ಯಾಕ್ ಕೂಗುತ್ತದೆ. ಪೆಡಲ್ ಸ್ಟೀಲ್ ಹತ್ತು ತಂತಿಯ ವಾದ್ಯ, ವೇದಿಕೆಯ ದೀಪದ ಬಿಸಿಗೇ ಶ್ರುತಿ ಜಾರುತ್ತದೆ. ಇದರ ಮುಂದೆಯೋ ಹಿಂದೆಯೋ ಮೂರು ಎಲೆಕ್ಟ್ರಿಕ್ ಗಿಟಾರ್ ಫುಲ್ ವಾಲ್ಯೂಮ್‌ನಲ್ಲಿ ಬಾರಿಸುವ ತಂಡ ಇದ್ದರೆ ಜನರ ಕಿವಿ ಆ ಮಟ್ಟಕ್ಕೆ ಒಗ್ಗಿಹೋಗಿರುತ್ತದೆ. ಆಮೇಲೆ ಮೆತ್ತಗಿನದ್ದು ಏನು ಬಂದರೂ ಸಪ್ಪೆ.

ಹಾಗಾಗಿ ಜೊತೆ ಟೂರ್ ಮಾಡಿದ ಕಂಟ್ರಿ ರಾಕ್ ತಂಡಗಳು ವರ್ಷದಿಂದ ವರ್ಷಕ್ಕೆ ಜೋರಾದವು. ಅದು ಅಭಿರುಚಿಯ ಬದಲಾವಣೆ ಅಂತ ವಿಮರ್ಶಕರು ಬರೆಯುತ್ತಾರೆ. ಅರ್ಧ ಪಾಲು ಬದುಕುಳಿಯುವ ಉಪಾಯ ಅಂತ ನನ್ನ ಅನಿಸಿಕೆ. ಔಟ್‌ಲಾಸ್ ತಂಡ ನೋಡಿ: ಟ್ಯಾಂಪಾದವರು, ಕಂಠ ಪೂರ್ತಿ ಈಗಲ್ಸ್ ಕಡೆಯದ್ದು, ಗಿಟಾರ್ ಪೂರ್ತಿ ಸ್ಕಿನರ್ಡ್ ಕಡೆಯದ್ದು. "ಗ್ರೀನ್ ಗ್ರಾಸ್ ಅಂಡ್ ಹೈ ಟೈಡ್ಸ್" ಸ್ಟುಡಿಯೋದಲ್ಲೇ ಹತ್ತು ನಿಮಿಷಕ್ಕೆ ಹತ್ತಿರ.

ಜಾರ್ಜಿಯಾ ಕನ್ನಡಿಗ

ಔಟ್‌ಲಾಸ್ ಹೆಸರೆತ್ತಿದ್ದು ಒಳ್ಳೆಯದಾಯಿತು. ಅವರಿಗೆ ರೆಕಾರ್ಡ್ ಒಪ್ಪಂದ ಸಿಕ್ಕಿದ್ದೇ ಇಂಥ ಒಂದು ಜೊತೆ ಪ್ರದರ್ಶನದಲ್ಲಿ. 1974ರಲ್ಲಿ ಜಾರ್ಜಿಯಾದ ಕೊಲಂಬಸ್‌ನಲ್ಲಿ ಸ್ಕಿನರ್ಡ್‌ಗೆ ಓಪನಿಂಗ್. ಹೊಸದಾಗಿ ಅರಿಸ್ಟಾ ರೆಕಾರ್ಡ್ ಕಂಪನಿ ಕಟ್ಟುತ್ತಿದ್ದ ಕ್ಲೈವ್ ಡೇವಿಸ್ ಸಭಿಕರಲ್ಲಿದ್ದ. ಸ್ಕಿನರ್ಡ್ ಗಾಯಕ ರಾನಿ ವ್ಯಾನ್ ಝಾಂಟ್ ತನ್ನ ಪಾಳಿ ಬಂದಾಗ ಮೈಕಿನಲ್ಲೇ, ಈ ಔಟ್‌ಲಾಸ್ ಹುಡುಗರನ್ನು ಬಿಟ್ಟರೆ ನಿನ್ನಂಥ ದಡ್ಡ ಇಲ್ಲ ಅನ್ನುವ ಅರ್ಥದಲ್ಲಿ ಡೇವಿಸ್‌ಗೆ ಹೇಳಿದ. ಮುಖ್ಯ ತಂಡದ ಗಾಯಕನೇ ಓಪನಿಂಗ್ ತಂಡದ ಪರ ವಕಾಲತ್ತು! ಮರುವರ್ಷ ಆಲ್ಬಮ್ ಬಂತು.

ಕುಂದಾಪುರದ ಕಿವಿ

ಮಾರಾಯ್ರೆ, ನೀವು ಎರಡು ಬೇರೆ ಸಂಗತಿಯನ್ನು ಒಂದೇ ಮಾಡಿ ಮಾತಾಡುತ್ತಾ ಇದ್ದೀರಿ. ನಮ್ಮ ಯಕ್ಷಗಾನದಲ್ಲಿ ಜೋಡಾಟ ಬೇರೆ, ಕೂಡಾಟ ಬೇರೆ. ಜೋಡಾಟ ಅಂದರೆ ಎರಡು ಮೇಳ, ಎರಡು ರಂಗಸ್ಥಳ, ಅಕ್ಕಪಕ್ಕ. ಯಾರ ಚಂಡೆ ಮೇಲು, ಯಾರ ವೇಷ ಮೇಲು ಅಂತ ರಾತ್ರಿಯಿಡೀ ಪೈಪೋಟಿ. ಕೂಡಾಟದಲ್ಲಿ ಎರಡು ಮೇಳದ ಕಲಾವಿದರು ಒಂದೇ ರಂಗದಲ್ಲಿ ಕೂಡಿ ಪ್ರಸಂಗ ನಡೆಸುವುದು. ಜೊತೆ ಟೂರ್‌ನಲ್ಲಿಯೂ ಎರಡೂ ಉಂಟು.

1973ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೌ ಪ್ಯಾಲೇಸ್‌ನಲ್ಲಿ ದ ಹೂ ತಂಡಕ್ಕೆ ಸ್ಕಿನರ್ಡ್ ಓಪನಿಂಗ್ ಮಾಡಿದ್ದು ಜೋಡಾಟದ ಲೆಕ್ಕ. ಸಿಕ್ಕಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಬೇರೆಯವರ ಅಭಿಮಾನಿಗಳನ್ನು ಕದಿಯಬೇಕು. ಈಗಲ್ಸ್ 1972ರಲ್ಲಿ ಯೆಸ್, ಜೆತ್ರೋ ಟಲ್ ಎದುರು ಹಾಡಿದ್ದೂ ಹಾಗೆಯೇ, ಸಂಗೀತಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಕೂಡಾಟ ನೋಡಬೇಕಾದರೆ ಚಾರ್ಲಿ ಡೇನಿಯಲ್ಸ್ ಹತ್ತಿರ ಹೋಗಬೇಕು. 1974ರ ಅಕ್ಟೋಬರ್ 4, ನ್ಯಾಶ್‌ವಿಲ್‌ನ ವಾರ್ ಮೆಮೋರಿಯಲ್ ಆಡಿಟೋರಿಯಂ. ಆಲ್ಬಮ್ಮಿಗೆ ಎರಡು ಲೈವ್ ಹಾಡು ರೆಕಾರ್ಡ್ ಮಾಡಬೇಕಿತ್ತು, ಅಷ್ಟೇ ಉದ್ದೇಶ. ಡಿಕಿ ಬೆಟ್ಸ್ ಬಂದ, ಮಾರ್ಷಲ್ ಟಕರ್ ಕಡೆಯವರು ಬಂದರು, ಕಡೆಗೆ ಎಲ್ಲರೂ ವೇದಿಕೆ ಹತ್ತಿದರು. ವಾಲಂಟಿಯರ್ ಜ್ಯಾಮ್ ಎಂಬ ಸಂಪ್ರದಾಯ ಹುಟ್ಟಿದ್ದು ಹಾಗೆ. ಡೇನಿಯಲ್ಸ್ ಮನುಷ್ಯನೂ ಅದಕ್ಕೆ ತಕ್ಕವ: 1969ರಲ್ಲಿ ಬಾಬ್ ಡಿಲನ್‌ನ ನ್ಯಾಶ್‌ವಿಲ್ ರೆಕಾರ್ಡಿಂಗ್‌ನಲ್ಲಿ ನುಡಿಸಿದವ, ಫಿಡಲ್ ಹಿಡಿದರೆ ಕಂಟ್ರಿ, ಗಿಟಾರ್ ಹಿಡಿದರೆ ರಾಕ್. 1975ರ ತನ್ನ ಹಾಡೊಂದರಲ್ಲಿ ಜೊತೆಗಾರ ತಂಡಗಳ ಹೆಸರನ್ನೇ ಸಾಲಾಗಿ ಹಾಡಿಬಿಟ್ಟ.

ಕೊಪ್ಪದವರು ಹೇಳುವ ಗಡಿ ಅಳಿಸಿದ್ದು ಕೂಡಾಟ, ಜೋಡಾಟ ಅಲ್ಲ.

ಮೈಸೂರು ರೇಡಿಯೋ

ಇಷ್ಟೆಲ್ಲ ಓದಿದೆ, ಬಾವುಟದ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಸ್ಕಿನರ್ಡ್ ವೇದಿಕೆಯ ಹಿಂದೆ ವರ್ಷಗಟ್ಟಲೆ ತೂಗಿದ್ದು ಕಾನ್ಫೆಡರೇಟ್ ಬಾವುಟ. ಗುಲಾಮಗಿರಿ ಉಳಿಸಲು ಯುದ್ಧ ಮಾಡಿದವರದ್ದು. ಶುರುವಿನಲ್ಲಿ ಅದು ರೆಕಾರ್ಡ್ ಕಂಪನಿಯ ಪ್ರಚಾರದ ಉಪಾಯವಾಗಿತ್ತು ಅಂತ ತಂಡದವರೇ ಹೇಳಿಕೊಂಡಿದ್ದಾರೆ. 2012ರಲ್ಲಿ ತಂಡದ ಗಿಟಾರಿಸ್ಟ್ ಗ್ಯಾರಿ ರೊಸಿಂಗ್ಟನ್ ಇನ್ನು ಬಳಸುವುದಿಲ್ಲ ಅಂದ, ಅಭಿಮಾನಿಗಳು ಕೂಗಾಡಿದ ಮೇಲೆ ಮಾತು ತಿರುಗಿಸಿದ. ಆ ಬಾವುಟದ ಕೆಳಗೆ ಒಟ್ಟಿಗೆ ನಿಂತ ತಂಡಗಳೆಲ್ಲ "ಒಂದು ಕುಟುಂಬ" ಅನ್ನುವುದು ನನಗೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಕ್ಯಾಲಿಫೋರ್ನಿಯಾದ ಕಂಟ್ರಿ ರಾಕ್ ಮಂದಿ ಕಂಟ್ರಿಯ ವಾದ್ಯ ತೆಗೆದುಕೊಂಡು ಅದರ ರಾಜಕೀಯವನ್ನು ಬಿಟ್ಟರು. ನ್ಯೂ ರೈಡರ್ಸ್ ಆಫ್ ದ ಪರ್ಪಲ್ ಸೇಜ್ ಗ್ರೇಟ್‌ಫುಲ್ ಡೆಡ್ ಜೊತೆ ಸುತ್ತುತ್ತಿದ್ದಾಗ ಡೆಡ್‌ನ ಜೆರಿ ಗಾರ್ಸಿಯಾ ಮೊದಲು ನ್ಯೂ ರೈಡರ್ಸ್ ಜೊತೆ ಕೂತು ಪೆಡಲ್ ಸ್ಟೀಲ್ ನುಡಿಸಿ, ಆಮೇಲೆ ಎದ್ದು ತನ್ನ ತಂಡದ ಗಿಟಾರ್ ಹಿಡಿಯುತ್ತಿದ್ದ. ಕೇಳುಗರು ಹಿಪ್ಪಿಗಳು. ಗಡಿ ವಾದ್ಯದಲ್ಲೂ ಇಲ್ಲ, ಏಜೆನ್ಸಿಯಲ್ಲೂ ಇಲ್ಲ, ಕುರ್ಚಿಯಲ್ಲಿ ಕೂತವರಲ್ಲಿದೆ.

ಜಾರ್ಜಿಯಾ ಕನ್ನಡಿಗ

ಬಾವುಟದ ವಿಷಯದಲ್ಲಿ ನನ್ನದು ತಕರಾರಿಲ್ಲ. ಇಲ್ಲಿ ವಾಸ ಮಾಡುವವನಿಗೆ ಅದು ಹಾಡಿನ ಅಲಂಕಾರ ಅಂತ ಅನಿಸುವುದೂ ಇಲ್ಲ. ಆದರೆ ಸದರ್ನ್ ರಾಕ್ ಪೂರ್ತಿ ಅದರ ಕೆಳಗಿತ್ತು ಅಂದರೆ ಜೈಮೋಗೆ ಅನ್ಯಾಯ. 1972ರ ಕೊನೆಗೆ ಆಲ್ಮನ್ ಬ್ರದರ್ಸ್‌ನ ಬೆರ್ರಿ ಓಕ್ಲಿ ಸತ್ತ ಮೇಲೆ ಬೇಸ್ ಹಿಡಿದ ಲಮಾರ್ ವಿಲಿಯಮ್ಸ್ ಕೂಡ ಕಪ್ಪು ಕಲಾವಿದನೇ. ಜಿಮ್ಮಿ ಕಾರ್ಟರ್ ಅಧ್ಯಕ್ಷ ಪದವಿಗೆ ನಿಂತಾಗ ಕೈಯಲ್ಲಿ ಕಾಸಿರಲಿಲ್ಲ. ಆಲ್ಮನ್ ಬ್ರದರ್ಸ್, ಮಾರ್ಷಲ್ ಟಕರ್, ಚಾರ್ಲಿ ಡೇನಿಯಲ್ಸ್ ತಂಡಗಳು ಅವನಿಗಾಗಿ ನಿಧಿಸಂಗ್ರಹ ಪ್ರದರ್ಶನ ಕೊಟ್ಟವು. ಕುರ್ಚಿಯಲ್ಲಿ ಕೂತವರು ಒಂದೇ ಥರದವರಾಗಿರಲಿಲ್ಲ.

ನ್ಯೂ ರೈಡರ್ಸ್ ಮಾತು ಬಂದದ್ದರಿಂದ: 1973ರ ಜುಲೈ 28, ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ರೇಸ್ ಟ್ರ್ಯಾಕ್. ಆಲ್ಮನ್ ಬ್ರದರ್ಸ್, ಗ್ರೇಟ್‌ಫುಲ್ ಡೆಡ್, ದ ಬ್ಯಾಂಡ್. ಮಾರಿದ ಟಿಕೆಟ್ 1,50,000, ಬಂದವರು ಸುಮಾರು 6,00,000. ಜಾರ್ಜಿಯಾ ಮತ್ತು ಕ್ಯಾಲಿಫೋರ್ನಿಯಾದ ಎರಡು ಪಂಗಡ ಒಂದೇ ಬಯಲಲ್ಲಿ ಕೂತ ದಿನ ಅದು.

ಕೊಪ್ಪದ ಕೇಳುಗ

ಮೈಸೂರಿನವರ ಪ್ರಶ್ನೆ ಭಾರವಾದದ್ದು. ನನ್ನ ವಾದದ ಪಕ್ಕದಲ್ಲೇ ಅದನ್ನೂ ಇಟ್ಟುಕೊಳ್ಳುತ್ತೇನೆ. ಆದರೂ ಕೌಬಾಯ್ ಎಂಬ ತಂಡದ ಹೆಸರು ಹೇಳದೆ ಈ ಚರ್ಚೆ ಬಿಡಲಾರೆ. ಜಾಕ್ಸನ್‌ವಿಲ್‌ನ ಸ್ಕಾಟ್ ಬಾಯರ್, ಟಾಮಿ ಟಾಲ್ಟನ್ ಕಟ್ಟಿದ ತಂಡ. ಬಾಯರ್ ಅದಕ್ಕೂ ಮುಂಚೆ ಬುಚ್ ಟ್ರಕ್ಸ್ ಜೊತೆ ನುಡಿಸಿದ್ದವನು. ಕ್ಯಾಪ್ರಿಕಾರ್ನ್‌ನ ಕಲಾವಿದರು, ಆಲ್ಮನ್ ಬ್ರದರ್ಸ್‌ಗೆ ಓಪನಿಂಗ್ ಮಾಡಿದವರು, ಮಾಡುತ್ತಿದ್ದದ್ದು ಮಾತ್ರ ಮೃದುವಾದ ಕಂಟ್ರಿ ರಾಕ್. 1971ರ "ಪ್ಲೀಸ್ ಬಿ ವಿತ್ ಮಿ" ಹಾಡಿನಲ್ಲಿ ಡೋಬ್ರೋ ನುಡಿಸಿದ್ದು ಗ್ರೆಗ್‌ನ ಅಣ್ಣ, ಆಲ್ಮನ್ ಬ್ರದರ್ಸ್ ಗಿಟಾರಿಸ್ಟ್ ಡುವೇನ್ ಆಲ್ಮನ್. ಅದೇ ಅಕ್ಟೋಬರ್ 29ಕ್ಕೆ ಮೇಕನ್‌ನಲ್ಲಿ ಬೈಕ್ ಅಪಘಾತದಲ್ಲಿ ಅವನು ತೀರಿಹೋದ. ಎರಿಕ್ ಕ್ಲಾಪ್ಟನ್ 1974ರಲ್ಲಿ ಆ ಹಾಡನ್ನು ತಾನೂ ಹಾಡಿದ. ಅದೇ ವರ್ಷ ಗ್ರೆಗ್ ಸೋಲೋ ಟೂರ್ ಹೊರಟಾಗ ಕರೆದುಕೊಂಡು ಹೋಗಿದ್ದು ಕೌಬಾಯ್‌ಗಳನ್ನೇ.

ಇಂದು ಅವರನ್ನು ಕೇಳುವವರು ಬೆರಳೆಣಿಕೆ. ಸದರ್ನ್ ರಾಕ್ ಹುಡುಕಿ ಬಂದವರಿಗೆ ಅದು ತೀರಾ ಮೆತ್ತಗೆ. ಕಂಟ್ರಿ ರಾಕ್ ಹುಡುಕುವವರು ಮೇಕನ್ ಕಡೆ ತಲೆಯನ್ನೇ ಹಾಕುವುದಿಲ್ಲ. ಟೂರ್ ಅವರಿಗೆ ಊಟ ಹಾಕಿತು, ಹೆಸರು ಉಳಿಸಲಿಲ್ಲ.

ಧಾರವಾಡದ ಡ್ರಮ್ಮರ್

ಇದು ನಿಮ್ಮ ವಾದಕ್ಕ ಉಲ್ಟಾ ಆತಲ್ರೀ! ಓಪನಿಂಗ್ ಮಾಡಿದ್ರ ಸದರ್ನ್ ರಾಕ್ ಆಗೂದಾದ್ರ ಕೌಬಾಯ್ ಯಾಕ ಆಗ್ಲಿಲ್ಲ?

ಮಿಕ್ಸರ್ ಹಿಂದಿನವ

ಮೇಲೆ ಹೇಳಿದೆನಲ್ಲ. ಜೋರಾಗಲಿಲ್ಲ ಅವರು.

ಹುಬ್ಬಳ್ಳಿ ಹೊಸಬ

ಈಗ ಇಂಥ ಟೂರ್ ನಡೀತಾವ? ಅಮೆರಿಕಕ್ಕ ಹೋಗೂದೈತಿ, ಟಿಕೆಟ್ ತಗೊಳ್ಳೂದಾದ್ರ ಯಾರ್ದು ತಗೋಬೇಕು?

ಜಾರ್ಜಿಯಾ ಕನ್ನಡಿಗ

ಧಾರಾಳವಾಗಿ ನಡೆಯುತ್ತವೆ, ಬೇಸಿಗೆ ಪೂರ್ತಿ. ಸ್ಕಿನರ್ಡ್ 2018ರಲ್ಲಿ ವಿದಾಯದ ಟೂರ್ ಘೋಷಿಸಿ ಊರಿಗೊಬ್ಬರಂತೆ ಮಾರ್ಷಲ್ ಟಕರ್, ಚಾರ್ಲಿ ಡೇನಿಯಲ್ಸ್, ಹ್ಯಾಂಕ್ ವಿಲಿಯಮ್ಸ್ ಜೂನಿಯರ್ ಇವರನ್ನೆಲ್ಲ ಜೊತೆಗೆ ಹಾಕಿಕೊಂಡಿತು. ವಿದಾಯ ಆಯಿತೇ? 2023ರಲ್ಲಿ ಝೀಝೀ ಟಾಪ್ ಜೊತೆ ಮತ್ತೆ ಹೊರಟರು, ಜನ ಮತ್ತೆ ಹೋದರು. ಆ ವರ್ಷ ಮಾರ್ಚ್‌ನಲ್ಲಿ ರೊಸಿಂಗ್ಟನ್ ತೀರಿಕೊಂಡ ಮೇಲೆ ಆ ಹೆಸರಿನಡಿ ನುಡಿಸುವವರಲ್ಲಿ ಮೊದಲ ಆಲ್ಬಮ್ಮಿನವರು ಯಾರೂ ಉಳಿದಿಲ್ಲ. ಮಾರ್ಷಲ್ ಟಕರ್‌ನಲ್ಲಿ ಮೂಲದವನು ಗಾಯಕ ಡಗ್ ಗ್ರೇ ಒಬ್ಬನೇ. ಇದು ತಿಳಿದುಕೊಂಡೇ ಟಿಕೆಟ್ ಕೊಳ್ಳಿ.

ತಂಡದಿಂದ ತಂಡಕ್ಕೆ ಹಾರುವುದಂತೂ ಮಾಮೂಲು. ಔಟ್‌ಲಾಸ್‌ನ ಹ್ಯೂಯಿ ಥಾಮಸನ್ 1996ರಿಂದ 2005ರವರೆಗೆ ಸ್ಕಿನರ್ಡ್ ಗಿಟಾರಿಸ್ಟ್. ಅದೇ ಔಟ್‌ಲಾಸ್‌ನ ಹೆನ್ರಿ ಪಾಲ್ ತೊಂಬತ್ತರ ದಶಕದಲ್ಲಿ ಬ್ಲ್ಯಾಕ್‌ಹಾಕ್ ಎಂಬ ಕಂಟ್ರಿ ತಂಡ ಕಟ್ಟಿ ಕಂಟ್ರಿ ರೇಡಿಯೋದಲ್ಲೇ ಹಿಟ್ ಕೊಟ್ಟ. ಒಂದೇ ತಂಡದ ಇಬ್ಬರು, ಗಡಿಯ ಎರಡು ಬದಿ.

ಹಳೆಯ ಹೆಸರಿನ ಮೋಹ ಇಲ್ಲದಿದ್ದರೆ ನನ್ನ ಸಲಹೆ ಅಟ್ಲಾಂಟಾದ ಬ್ಲ್ಯಾಕ್‌ಬೆರಿ ಸ್ಮೋಕ್. ಇವತ್ತು ಬದುಕಿರುವ ಸಂಗೀತ ಅದು.

ಕುಂದಾಪುರದ ಕಿವಿ

ಅಮೆರಿಕಕ್ಕೆ ಯಾಕೆ ಹೋಗಬೇಕು, ಒಬ್ಬರು ಬೆಂಗಳೂರಿಗೇ ಬಂದು ಹೋಗಿದ್ದಾರೆ! 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ, ಆ ಮಳೆಯಲ್ಲಿ, ರೋಲಿಂಗ್ ಸ್ಟೋನ್ಸ್ ಹಾಡಿತಲ್ಲ, ಕೀಬೋರ್ಡ್ ಹಿಂದೆ ಕೂತಿದ್ದವರು ಚಕ್ ಲೆವೆಲ್. ಡುವೇನ್ ಹೋದ ಮೇಲೆ ಆಲ್ಮನ್ ಬ್ರದರ್ಸ್‌ಗೆ ಬಂದು "ಜೆಸಿಕಾ"ದ ಆ ಪಿಯಾನೋ ನುಡಿಸಿದವರು. 1975ರಲ್ಲಿ ಹ್ಯಾಂಕ್ ವಿಲಿಯಮ್ಸ್ ಜೂನಿಯರ್ ಹಳೇ ಕಂಟ್ರಿ ದಾರಿ ಬಿಟ್ಟು "ಫ್ರೆಂಡ್ಸ್" ಆಲ್ಬಮ್ ಮಾಡುವಾಗ ಟಾಯ್ ಕಾಲ್ಡ್‌ವೆಲ್, ಚಾರ್ಲಿ ಡೇನಿಯಲ್ಸ್ ಜೊತೆ ಅವರೂ ಇದ್ದರು. ಅವತ್ತು ನೆನೆದವರಲ್ಲಿ ಎಲ್ಲರ ಕಣ್ಣೂ ಜ್ಯಾಗರ್ ಮೇಲೆ, ಇನ್ನೇನು.

ಹುಬ್ಬಳ್ಳಿ ಹೊಸಬ

ಸರಿ, ಟಿಕೆಟ್ ಆಮ್ಯಾಲೆ ನೋಡೂಣು. ಈ ಜಗಳ ನಂಗ ತಿಳೀಬೇಕಂದ್ರ ಮೊದ್ಲು ಯಾವ ರೆಕಾರ್ಡ್ ಕೇಳ್ಲಿ? ಒಂದ ಹೇಳ್ರಿ.

ಕೊಪ್ಪದ ಕೇಳುಗ

ಮಾರ್ಷಲ್ ಟಕರ್, "ವೇರ್ ವೀ ಆಲ್ ಬಿಲಾಂಗ್", 1974. ಎರಡು ಡಿಸ್ಕಿನ ಆಲ್ಬಮ್, ಒಂದು ಸ್ಟುಡಿಯೋ, ಒಂದು ಮಿಲ್ವಾಕಿಯಲ್ಲಿ ನಡೆದ ಲೈವ್. ಲೈವ್ ಬದಿಯ "ಟ್ವೆಂಟಿ ಫೋರ್ ಅವರ್ಸ್ ಅಟ್ ಎ ಟೈಮ್" ಹಾಕಿ. ಫಿಡಲ್ ಚಾರ್ಲಿ ಡೇನಿಯಲ್ಸ್. ಅದು ಸದರ್ನ್ ರಾಕೋ ಕಂಟ್ರಿ ರಾಕೋ ಅಂತ ಕೇಳಿದ ಮೇಲೆ ಇಲ್ಲೇ ಬರೆಯಿರಿ.

ಧಾರವಾಡದ ಡ್ರಮ್ಮರ್

ಹೊಸಬ ಕೇಳೂಕಿಂತ ಮೊದ್ಲ ನಾನ ಕೇಳಿ ಬಂದೆ. ಪಾಲ್ ರಿಡಲ್ ಡ್ರಮ್ಸ್ ನುಡಿಸೂದು ಕೇಳ್ರಿ, ಎಡಗೈ ಪೂರ್ತಿ ಜಾಝ್. ಫಿಡಲ್ ಏರಿದಂಗೆಲ್ಲ ಅಂವ ಸಿಂಬಲ್ ಮ್ಯಾಲೆ ಹಗುರ ಆಗ್ತಾನ, ಜೋರ್ ಮಾಡಂಗಿಲ್ಲ. ಪೋಕೋ, ಈಗಲ್ಸ್ ಡ್ರಮ್ಮರ್ ಯಾರೂ ಹಿಂಗ ನುಡಿಸೂದು ನಾ ಕೇಳಿಲ್ಲ. ಹಂಗಾಗಿ ಕಂಟ್ರಿ ರಾಕ್ ಅಂತ ಒಪ್ಪಂಗಿಲ್ಲ. ಆದ್ರ ಪೋಕೋದ 1971ರ ಲೈವ್ ಆಲ್ಬಮ್ "ಡೆಲಿವರಿನ್" ಇನ್ನೂ ಕೇಳೂದೈತಿ. ಅದನ್ನ ಕೇಳಿ ಮತ್ತ ಜಗಳಕ್ಕ ಬರ್ತೇನಿ.